ಮೆಟ್ಟಿಲು ಒರೆಸಿ ಬಾಗಿಲು ತೆರೆಸಿದ್ದು: ಎಸ್ಲಿಂಗೆನ್‌ನಲ್ಲಿ ನನ್ನ ಸೇವೆಯ ವಾರ

ಮಂಗಳೂರಿನಿಂದ ಜರ್ಮನಿಗೆ ಒಂದು ವರ್ಷದ ಸೇವೆಗೆ ಹೊರಟವರು ಈಗ ನನಗೆ ಫೋನ್ ಮಾಡುತ್ತಾರೆ. ವೀಸಾ, ಭಾಷಾ ಪರೀಕ್ಷೆ, ತರಬೇತಿ ಶಿಬಿರ ಎಲ್ಲ ಅವರಿಗೆ ಗೊತ್ತುಂಟು. ಕೇಳುವುದು ಒಂದೇ ಪ್ರಶ್ನೆ: "ಅಕ್ಕಾ, ನೀವು ಅಲ್ಲಿಯ ಒಂಟಿ ಅಜ್ಜ-ಅಜ್ಜಿಯರ ಮನೆಯೊಳಗೆ ಹೋದದ್ದು ಹೇಗೆ?" ಅವರ ಕಟ್ಟಡದ ಮೆಟ್ಟಿಲು ಒರೆಸಿ, ಅಷ್ಟೇ ಉತ್ತರ. ನಾನು ಶುರು ಮಾಡಿದಾಗ ನಮ್ಮ ಸಭೆಯ (ಚರ್ಚಿನ) ಇದೇ ಯೌವನಸ್ಥರ ಸಂಘದವರು "ಮೆಟ್ಟಿಲು ಒರೆಸಿದರೆ ಸುವಾರ್ತೆ ಆಗ್ತದಾ?" ಅಂತ ನಗಾಡಿದ್ದರು. ಹಾಗಾಗಿ ಸ್ವಲ್ಪ ಗತ್ತಿನಿಂದಲೇ ಬರೆಯುತ್ತೇನೆ, ಸಹಿಸಿಕೊಳ್ಳಿ.

ನಾನಿದ್ದದ್ದು ಎಸ್ಲಿಂಗೆನ್‌ನಲ್ಲಿ. ಸ್ಟುಟ್‌ಗಾರ್ಟ್‌ನಿಂದ ಎಸ್1 ರೈಲಿನಲ್ಲಿ ಕಾಲು ಗಂಟೆ ಚಿಲ್ಲರೆ, ನೆಕ್ಕರ್ ನದಿಯ ದಂಡೆ, ಗುಡ್ಡದ ಮೇಲೆ ದ್ರಾಕ್ಷಿ ತೋಟ. ಕೆಲಸ ವೃದ್ಧಾಶ್ರಮದಲ್ಲಿ, ವಾರಕ್ಕೆ 39 ಗಂಟೆ, ಹೆಚ್ಚಿನ ದಿನ ಬೆಳಿಗ್ಗೆ ಆರೂವರೆಯ ಪಾಳಿ. ವಸತಿ ಅವರದ್ದೇ, ಕೈಖರ್ಚಿಗೆ ತಿಂಗಳಿಗೆ ಸುಮಾರು 400 ಯೂರೊ. ಅದರಲ್ಲಿ 49 ಯೂರೊ ರೈಲಿನ ಟಿಕೇಟಿಗೆ (ಆಗ ಆ ದರ ಇತ್ತು). ಆಶ್ರಮದೊಳಗೆ ಧರ್ಮದ ಮಾತು ಅವರಾಗಿ ಎತ್ತದೆ ನಾವು ಎತ್ತುವ ಹಾಗಿಲ್ಲ, ಅದು ಸರಿಯೇ. ಆದರೆ ಸ್ಥಳೀಯ ಸಭೆಯವರು ನನಗೆ ಇನ್ನೊಂದು ಕೆಲಸ ಒಪ್ಪಿಸಿದ್ದರು. ಸುತ್ತಲಿನ ಬೀದಿಗಳಲ್ಲಿ ಒಂಟಿಯಾಗಿರುವ ಹಿರಿಯರನ್ನು ಸಂಜೆ ಹೊತ್ತು ಭೇಟಿ ಮಾಡಬೇಕು. ಎಂಬತ್ತು ದಾಟಿದವರ ಹುಟ್ಟುಹಬ್ಬದ ಪಟ್ಟಿ ಕೈಗೆ ಕೊಟ್ಟರು, ಅಷ್ಟೇ.

ಪಟ್ಟಿ ಇದ್ದರೆ ಬಾಗಿಲು ತೆರೆಯುವುದಿಲ್ಲ. ಕೆಳಗೆ ಗಂಟೆ ಒತ್ತಿದರೆ ಸ್ಪೀಕರಿನಲ್ಲಿ ಒಂದು ಸ್ವರ, "ಏನೂ ಬೇಡ, ಧನ್ಯವಾದ", ಕಟ್. ನಮ್ಮಲ್ಲಿ ಸಭೆಯ ಹುಡುಗಿ ಬಾಗಿಲಿಗೆ ಬಂದರೆ ಮೊದಲು ಚಾ ಇಡುತ್ತಾರೆ, ಮತ್ತೆ ಮಾತು. ಅಲ್ಲಿ ಮೂರು ವಾರ ಮೊದಲೇ ದಿನ ಗೊತ್ತು ಮಾಡದೆ ಸ್ವಂತ ಮಗಳೂ ಬರುವುದಿಲ್ಲವಂತೆ.

ಮೊದಲ ನಾಲ್ಕೈದು ತಿಂಗಳು ನಾನು ಖರ್ಚು ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆ ತೊಳೆದಂತೆ. ಬಣ್ಣದ ಕರಪತ್ರಕ್ಕೆ 45 ಯೂರೊ ಹತ್ತಿರ ಹೋಯಿತು. ಆ ಬೀದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಅಂಚೆಡಬ್ಬಿಗಳ ಮೇಲೆ "ಜಾಹೀರಾತು ಹಾಕಬೇಡಿ" ಎಂಬ ಚೀಟಿ. ಚೀಟಿ ಇಲ್ಲದ ಡಬ್ಬಿಗೆ ಹಾಕಿದ್ದು ಮರುದಿನ ಕಾಗದದ ತೊಟ್ಟಿಯಲ್ಲಿ ನನಗೇ ಸಿಕ್ಕಿತು, ಮಡಿಕೆ ಸಹ ಬಿಚ್ಚಿರಲಿಲ್ಲ. ಆಮೇಲೆ ಇಂಗ್ಲಿಷಿನಲ್ಲಿ ಸತ್ಯವೇದ (ಬೈಬಲ್) ಪಾಠ. ವಾರಕ್ಕೆ ಕಾಫಿ, ಕೇಕ್ ಅಂತ ಹತ್ತು-ಹನ್ನೆರಡು ಯೂರೊ. ಬಂದವರು ಇಬ್ಬರು ವಿದ್ಯಾರ್ಥಿಗಳು. ಅವರಿಗೆ ಬೇಕಾದದ್ದು ಕೆಲಸದ ಸಂದರ್ಶನಕ್ಕೆ ಇಂಗ್ಲಿಷ್. ಕೆಲಸ ಸಿಕ್ಕಿತು, ಪಾಠ ನಿಂತಿತು.

ಭಾರತೀಯ ಊಟದ ಸಂಜೆ ಅಂತೂ ದೊಡ್ಡ ಹೊಡೆತ. ಅಮ್ಮ ಕಳಿಸಿದ ಮಸಾಲೆಯಲ್ಲಿ ಕೋರಿ ಗಸಿ ಮಾಡಿ ನಲವತ್ತು ಜನರಿಗೆ ಬಡಿಸಿದೆ. ಕೋಳಿ, ಅಕ್ಕಿ, ತೆಂಗಿನ ಹಾಲು ಸೇರಿ 130 ಯೂರೊ ಮುಗಿಯಿತು. ತಿಂದರು, ಬೆವರು ಒರೆಸಿಕೊಂಡರು, ಹೊಗಳಿದರು, ಹೋದರು. ಅವರಲ್ಲಿ ಒಬ್ಬರೂ ಮತ್ತೆ ಕಾಣಸಿಗಲಿಲ್ಲ. ಈ ಊಟದ ಉಪಾಯವನ್ನು ಪ್ರತಿ ತಂಡದವರೂ ಹೊಸದಾಗಿ ಕಂಡುಹಿಡಿದ ಹಾಗೆ ಹೇಳುತ್ತಾರೆ. ನನ್ನ ಮಾತು ಕೇಳಿ, ಆ ದುಡ್ಡು ಉಳಿಸಿಕೊಳ್ಳಿ.

ಇನ್ನೊಂದು ನಾನು ಬಹಳ ನಂಬಿದ್ದದ್ದು, ಹರ್ಮನ್ ಮೊಗ್ಲಿಂಗ್ ಬಗ್ಗೆ ಚಿತ್ರ ಸಹಿತ ಭಾಷಣ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ಗೂ ಈ ವ್ಯುರ್ಟೆಂಬೆರ್ಗ್ ಸೀಮೆಗೂ ಇರುವ ನಂಟು ನಮಗೆ ಗೊತ್ತೇ ಇದೆ, ಮಿಶನರಿಗಳಲ್ಲಿ ಬಹಳ ಜನ ಇಲ್ಲಿಯ ಹಳ್ಳಿ-ಪೇಟೆಗಳವರೇ. ಮೊಗ್ಲಿಂಗ್ 1811ರಲ್ಲಿ ಬ್ರಾಕೆನ್‌ಹೈಮ್‌ನಲ್ಲಿ ಹುಟ್ಟಿದವರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ತೆಗೆದರು. 1881ರಲ್ಲಿ ತೀರಿಕೊಂಡದ್ದು ಇದೇ ಎಸ್ಲಿಂಗೆನ್‌ನಲ್ಲಿ. ನಾವು ಜುಲೈ 1ಕ್ಕೆ ಪತ್ರಿಕಾ ದಿನ ಆಚರಿಸುವುದು ಯಾರ ನೆನಪಿಗೋ ಆ ಮನುಷ್ಯನ ಹೆಸರು ಅವರ ಊರಿನವರಿಗೇ ಗೊತ್ತಿರಲಿಲ್ಲ. ಏಳೆಂಟು ಜನ ಬಂದಿದ್ದರು, ದೀಪ ಆರಿಸಿದ ಮೇಲೆ ಎರಡು ಗೊರಕೆ ಕೇಳಿಸಿತು. ಕಿಟೆಲ್ ಅವರ 1894ರ ನಿಘಂಟಿನ ಬಗ್ಗೆ ಎರಡನೇ ಭಾಷಣ ಸಿದ್ಧವಾಗಿತ್ತು, ಅದನ್ನು ಪೆಟ್ಟಿಗೆಗೆ ಸೇರಿಸಿದೆ.

ದಾರಿ ಕಂಡದ್ದು ನಮ್ಮದೇ ಕಟ್ಟಡದಲ್ಲಿ. ಆ ಸೀಮೆಯಲ್ಲಿ ಇದ್ದವರಿಗೆ ಕೇರ್‌ವೋಖೆ ಅಂದರೆ ವಿವರಿಸಬೇಕಾಗಿಲ್ಲ. ಬಾಡಿಗೆ ಮನೆಗಳ ಮೆಟ್ಟಿಲನ್ನು ಸರದಿಯ ಪ್ರಕಾರ ವಾರಕ್ಕೊಬ್ಬರು ಗುಡಿಸಿ ಒರೆಸಬೇಕು. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಪುಟ್ಟ ಹಲಗೆ ನೇತಾಡುತ್ತದೆ. ಸಣ್ಣ ಸರದಿ ಅಂದರೆ ನಿಮ್ಮ ಮಹಡಿಯಿಂದ ಕೆಳಗಿನ ಮಹಡಿವರೆಗಿನ ಮೆಟ್ಟಿಲು. ದೊಡ್ಡ ಸರದಿ ಅಂದರೆ ನೆಲಮಾಳಿಗೆ, ಮುಂಬಾಗಿಲು, ಕಾಲುದಾರಿ, ಕಸದ ತೊಟ್ಟಿ, ಚಳಿಗಾಲದಲ್ಲಿ ಹಿಮ ಸಹ. 1492ರಲ್ಲಿ ಕೌಂಟ್ ಎಬರ್‌ಹಾರ್ಡ್ ಸ್ಟುಟ್‌ಗಾರ್ಟ್‌ಗೆ ಮಾಡಿದ ಕಟ್ಟಳೆಯಿಂದ ಇದು ಬಂತು ಅಂತ ಅಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. ಈಗ ಇದು ಬಾಡಿಗೆ ಕರಾರಿನಲ್ಲಿ ಇರುತ್ತದೆ. ಮೆಟ್ಟಿಲಲ್ಲಿ ಒಂದು ಧೂಳಿನ ಕಣ ಇಲ್ಲದಿದ್ದರೂ ಒರೆಸಲೇಬೇಕು, ಒರೆಸುವುದನ್ನು ನಾಲ್ಕು ಜನ ನೋಡಲೇಬೇಕು.

ಎಂಬತ್ತೈದು ದಾಟಿದ ಅಜ್ಜಿಯ ಬಾಗಿಲಿಗೂ ಆ ಹಲಗೆ ಬರುತ್ತದೆ. ಮಂಡಿ ಮಡಚಲು ಆಗದವರು ರಾತ್ರಿ ಹೊತ್ತು, ಯಾರೂ ನೋಡದ ಹಾಗೆ, ಒಂದೊಂದು ಮೆಟ್ಟಿಲ ಮೇಲೆ ಕೂತು ಒರೆಸುವುದನ್ನು ನಾನೇ ನೋಡಿದ್ದೇನೆ.

"ನಾನು ಮಾಡಿಕೊಡ್ತೇನೆ" ಅಂದರೆ ಆಗುವುದಿಲ್ಲ ಅಂತ ಸಭೆಯ ಹಿರಿಯರೊಬ್ಬರು ಮೊದಲೇ ಹೇಳಿದ್ದರು. "ಶ್ವಾಬಿಯದವರು, ಅಂದರೆ ಈ ಸೀಮೆಯವರು, ಮನೆಯ ಕೀಲಿಕೈ ಕೊಟ್ಟಾರು, ಸರದಿ ಬಿಟ್ಟುಕೊಡುವುದಿಲ್ಲ. ಅದು ಮರ್ಯಾದೆಯ ಪ್ರಶ್ನೆ." ಅವರು ಹೇಳಿದ್ದು ನಿಜ. ಆದ್ದರಿಂದ ನಾನು ಸಹಾಯ ಮಾಡಲು ಹೋಗಲಿಲ್ಲ, ಕಲಿಯಲು ಹೋದೆ. ನಾನು ಹೊರಗಿನವಳು, ನನಗೂ ಸರದಿ ಉಂಟು, ಸರಿಯಾಗಿ ಮಾಡುವುದು ಹೇಗೆ ಅಂತ ತೋರಿಸುತ್ತೀರಾ? ಆ ಸೀಮೆಯಲ್ಲಿ ಹೀಗೆ ಕೇಳಿದರೆ ಇಲ್ಲ ಎನ್ನುವವರು ನನಗೆ ಸಿಗಲಿಲ್ಲ. ಕೇಳುವ ಮೊದಲ ವಾಕ್ಯ ಯಾವುದು, ಅದನ್ನು ಮೆಟ್ಟಿಲ ಯಾವ ಜಾಗದಲ್ಲಿ ನಿಂತು ಹೇಳಬೇಕು ಎನ್ನುವುದು ಬಹಳ ಮುಖ್ಯ. ಅದನ್ನು ಇಲ್ಲಿ ಬರೆಯುವುದಿಲ್ಲ. ಹೊರಡುವ ಮೊದಲು ಮನೆಗೆ ಬನ್ನಿ, ಹೇಳುತ್ತೇನೆ.

ಮೊದಲ ಗುರು ಮೂರನೇ ಮಹಡಿಯ ಅಜ್ಜಿ. ಮೇಲಿನ ಮೆಟ್ಟಿಲಲ್ಲಿ ಕಟಕಟೆ ಹಿಡಿದು ನಿಂತರು, ಊರುಗೋಲಿನಲ್ಲಿ ಮೂಲೆ ತೋರಿಸಿದರು. ಮೇಲಿಂದ ಕೆಳಗೆ ಬರಬೇಕು. ಗುಡಿಸದೆ ನೀರು ಮುಟ್ಟಬಾರದು. ಬಕೆಟ್ ಎರಡು, ಒಂದು ಸಾಬೂನಿಗೆ, ಒಂದು ಹಿಂಡುವುದಕ್ಕೆ. ಬಟ್ಟೆಯನ್ನು ಎಂಟು ಮಡಿಕೆ ಮಾಡಿ ಒಂದೊಂದು ಮುಖ ಒಂದೊಂದು ಮೆಟ್ಟಿಲಿಗೆ, ಎಂಟು ಮುಗಿದ ಮೇಲೆ ಜಾಲಾಡಬೇಕು. ಮರದ ಮೆಟ್ಟಿಲಾದರೆ ಬಟ್ಟೆಯಿಂದ ಹನಿ ಬೀಳಬಾರದು. ಟೆರಾಝೊ (ಮೊಸಾಯಿಕ್ ಕಲ್ಲು) ಆದರೆ ಮೆದು ಸಾಬೂನು, ವಿನೆಗರ್ ಹತ್ತಿರವೂ ತರಬಾರದು, ಕಲ್ಲಿನ ಹೊಳಪು ಹೋಗುತ್ತದೆ. ಕಾಲೊರಸನ್ನು ಎತ್ತಿ ಅದರ ಅಡಿ ಒರೆಸಬೇಕು. ಕಿಟಕಿಯ ದಂಡೆ, ಕೊನೆಗೆ ಕಟಕಟೆಯ ಸರಳು. ಮುಗಿದ ಮೇಲೆ ಅಜ್ಜಿ ಕನ್ನಡಕ ಹಾಕಿ ಇಳಿದು ಬಂದು ಒಂದು ಮೂಲೆಗೆ ಬೆರಳು ಒತ್ತಿ ನೋಡಿದರು. "ಮತ್ತೊಮ್ಮೆ" ಎಂದರು. ಮತ್ತೊಮ್ಮೆ ಮಾಡಿದೆ.

ಮುಂದಿನ ಸಲ ಅವರದ್ದೇ ಸರದಿ ಬಂದಾಗ "ಅಭ್ಯಾಸ ತಪ್ಪಬಾರದಲ್ಲ" ಎಂದು ಬಕೆಟ್ ಹಿಡಿದು ನಿಂತೆ. ಅವರು ಹಲಗೆಯನ್ನು ತಮ್ಮ ಬಾಗಿಲಲ್ಲೇ ಇಟ್ಟುಕೊಂಡರು, ಮೆಟ್ಟಿಲು ನಾನು ಒರೆಸಿದೆ, ಸರದಿ ಅವರದ್ದೇ ಆಗಿ ಉಳಿಯಿತು. ಇಡೀ ಉಪಾಯದ ತಿರುಳು ಇಷ್ಟೇ.

ವಾರ ನಡೆಯುತ್ತಿದ್ದದ್ದು ಹೀಗೆ. ಸೋಮವಾರದಿಂದ ಬುಧವಾರದವರೆಗೆ ಆಶ್ರಮದ ಪಾಳಿ ಬಿಟ್ಟರೆ ಏನೂ ಇಲ್ಲ. ಸಂಜೆ ಯಾವ ಬಾಗಿಲಲ್ಲಿ ಯಾವ ಹಲಗೆ ಉಂಟು ಅಂತ ನೋಡಿಕೊಂಡು ಬರುವುದು, ಪುಸ್ತಕದಲ್ಲಿ ಬರೆದಿಡುವುದು. ಗುರುವಾರ ಮಧ್ಯಾಹ್ನ ಎರಡೂವರೆಯಿಂದ ಒಂದು ಬೀದಿ, ಶುಕ್ರವಾರ ಇನ್ನೊಂದು. ಶನಿವಾರ ಬೆಳಿಗ್ಗೆ ದೊಡ್ಡ ಸರದಿಗಳು. ಸಂಜೆ ಆರರೊಳಗೆ ಎಲ್ಲ ಮುಗಿಯಬೇಕು. ಭಾನುವಾರ ಪೊರಕೆ ಮುಟ್ಟಿದರೆ ಬೀದಿಯೇ ತಿರುಗಿ ನೋಡುತ್ತದೆ. ಒಂದು ಕಟ್ಟಡಕ್ಕೆ ಮುಕ್ಕಾಲು ಗಂಟೆ, ಅಜ್ಜಂದಿರ ಮಾತು ಸೇರಿದರೆ ಎರಡು ಗಂಟೆ. ಮಾತು ಸೇರಿಸಿಕೊಳ್ಳಬೇಕು, ನಾವು ಹೋಗಿದ್ದೇ ಅದಕ್ಕಲ್ಲವಾ.

ನಂಬಿಕೆಯ ಭಾಗ ನಾನಾಗಿ ತಂದದ್ದಲ್ಲ. ಆರೂವರೆಯ ಪಾಳಿಗೆ ಮೊದಲು ನಾನು ಲೋಸುಂಗೆನ್ ಪುಸ್ತಕ ಓದುತ್ತಿದ್ದೆ. ಹೆರ್ನ್‌ಹುಟ್ ಊರಿನ ಮೊರಾವಿಯನ್ ಸಭೆಯವರು 1731ರಿಂದ ಮುದ್ರಿಸುತ್ತಿರುವ ದಿನಕ್ಕೊಂದು ವಾಕ್ಯದ ಪುಟ್ಟ ಪುಸ್ತಕ ಅದು. ಹಳೆ ಒಡಂಬಡಿಕೆಯ ವಾಕ್ಯವನ್ನು ಚೀಟಿ ಎತ್ತಿ ಆರಿಸುತ್ತಾರೆ, ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಾಕ್ಯ ಜೊತೆಗೆ. ಅದನ್ನು ಏಪ್ರನ್ ಕಿಸೆಯಲ್ಲಿ ಇಟ್ಟುಕೊಂಡಿರುತ್ತಿದ್ದೆ, ಒರೆಸುವಾಗ ತಲೆ ಹೊರಗೆ ಇಣುಕುತ್ತಿತ್ತು. ಒಂದು ಗುರುವಾರ ಎರಡನೇ ಮಹಡಿಯ ಅಜ್ಜ ಕೇಳಿದರು: "ಇವತ್ತಿನದ್ದು ಏನು?" ಓದಿದೆ. ನನ್ನ ಉಚ್ಚಾರ ತಿದ್ದಿದರು. ತಿದ್ದುವುದಕ್ಕೆ ಮೂರನೇ ಮಹಡಿಯಿಂದ ಇನ್ನೊಬ್ಬರು ಇಳಿದರು. ಮುಂದಿನ ವಾರ ಒಬ್ಬರು ಕುರ್ಚಿ ತಂದು ಮೆಟ್ಟಿಲ ತಿರುವಿನಲ್ಲಿ ಹಾಕಿಕೊಂಡರು. ಆಮೇಲೆ ಫ್ಲಾಸ್ಕಿನಲ್ಲಿ ಕಾಫಿ ಬಂತು. ಮೂರು ತಿಂಗಳಾಗುವಾಗ ಗುರುವಾರದ ಮೆಟ್ಟಿಲ ಕೂಟ ತನ್ನಷ್ಟಕ್ಕೆ ನಡೆಯುತ್ತಿತ್ತು. ಅದೇ ವಾಕ್ಯವನ್ನು ಫೋನಿನ ಕನ್ನಡ ಸತ್ಯವೇದದಲ್ಲಿ ತೆಗೆದು ಓದಲು ಅವರೇ ಹೇಳುತ್ತಿದ್ದರು. 121ನೇ ಕೀರ್ತನೆ ಕನ್ನಡದಲ್ಲಿ ಎರಡೆರಡು ಸಲ ಕೇಳಿದ್ದಾರೆ.

ರಾಗಗಳ ಪ್ರಸಂಗ ಹೇಳದಿದ್ದರೆ ಆಗದು. ಕೆಲಸ ಮಾಡುವಾಗ ಗುನುಗುವ ಅಭ್ಯಾಸ ನನಗೆ. ಮಂಗಳೂರಿನ ಬಲ್ಮಠದ ಶಾಂತಿ ದೇವಾಲಯದಲ್ಲಿ ನಾವು ಹಾಡುವ ಸಂಗೀತಗಳಲ್ಲಿ (ಆರಾಧನೆಯ ಹಾಡುಗಳಲ್ಲಿ) ಎಷ್ಟೋ ರಾಗಗಳು ಜರ್ಮನಿಯಿಂದಲೇ ಬಂದದ್ದು ಅಂತ ನಿಮಗೂ ಗೊತ್ತು, ಆದರೆ ಒರೆಸುವಾಗ ಅದು ನೆನಪಿರುವುದಿಲ್ಲ. ನಾನು ಕನ್ನಡದಲ್ಲಿ ಹಾಡುತ್ತ ಒಂದು ಮಹಡಿ ಇಳಿಯುವಾಗ ಬಾಗಿಲ ಹಿಂದಿನಿಂದ ಅದೇ ರಾಗಕ್ಕೆ ಜರ್ಮನ್ ಮಾತು ಕೇಳಿಸಿತು. ಆ ಬಾಗಿಲು ಅದುವರೆಗೆ ಒಮ್ಮೆಯೂ ತೆರೆದಿರಲಿಲ್ಲ. ಹಾಡು ಮುಗಿಯುವ ಮೊದಲೇ ತೆರೆಯಿತು. "ಈ ರಾಗ ನಿನಗೆ ಎಲ್ಲಿಂದ?" ಅಂತ ಕೇಳಿದರು. ಮೊಗ್ಲಿಂಗ್ ಭಾಷಣದಲ್ಲಿ ಹೇಳಲು ಇಟ್ಟುಕೊಂಡದ್ದನ್ನೆಲ್ಲ ಆ ಹೊಸ್ತಿಲಲ್ಲಿ ನಿಂತು ಹೇಳಿದೆ, ಈ ಸಲ ಯಾರೂ ನಿದ್ದೆ ಮಾಡಲಿಲ್ಲ.

ಮೆಟ್ಟಿಲ ಕೂಟದಲ್ಲಿ ತಪ್ಪದೆ ಬರುತ್ತಿದ್ದವರಲ್ಲಿ ಒಬ್ಬರು ಕಾರಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಸಭೆಯಿಂದ ಕಾಗದಪತ್ರದ ಮೂಲಕವೇ ಹೊರಬಂದವರು. ಆ ರಾಜ್ಯದಲ್ಲಿ ಸಭೆಯ ತೆರಿಗೆ ಆದಾಯ ತೆರಿಗೆಯ ಮೇಲೆ ಶೇಕಡಾ 8. ಬೇಡವಾದರೆ ಸರಕಾರಿ ಕಚೇರಿಗೆ ಹೋಗಿ ಸಹಿ ಹಾಕಿ ಹೊರಬರಬೇಕು. ಅವರು ದೇವಾಲಯದ ಒಳಗೆ ಕಾಲಿಡುವುದಿಲ್ಲ, ಆದರೆ ಗುರುವಾರ ಎರಡೂವರೆಗೆ ಎಲ್ಲರಿಗಿಂತ ಮೊದಲು ಕುರ್ಚಿ ಹಾಕುತ್ತಿದ್ದರು. ಅವರ ಕುರ್ಚಿಯನ್ನು ಸಭೆಯ ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಅಂತ ಸಮಿತಿಯಲ್ಲಿ ಚರ್ಚೆ ಮಾಡುವವರು ಮಾಡಿಕೊಳ್ಳಲಿ.

ದುಡ್ಡಿನ ವಿಷಯ. ಬಕೆಟ್ ಎರಡು, ಮಾಪ್, ಕೈಪೊರಕೆ-ಮೊರ, ಬೀದಿಗೆ ಗಟ್ಟಿ ಪೊರಕೆ, ಬಟ್ಟೆಗಳು, ಸಾಬೂನು, ಕೈಗವಸು ಎಲ್ಲ ಸೇರಿ 60 ಯೂರೊ ಆಸುಪಾಸು. ಅಗ್ಗದ ಮಾಪ್ ತೆಗೆದುಕೊಳ್ಳಬೇಡಿ, ಅದರ ಹಿಡಿ ಎರಡನೇ ತಿಂಗಳಿಗೇ ಕಳಚಿತು. ಸಾಬೂನು ತಿಂಗಳಿಗೆ ಐದು ಯೂರೊ ದಾಟುವುದಿಲ್ಲ. ಭಾರತೀಯ ಊಟದ ಒಂದೇ ಸಂಜೆಯ ದುಡ್ಡಿನಲ್ಲಿ ಇಡೀ ವರ್ಷದ ಸೇವೆ ನಡೆಯಿತು.

ಬಂದ ದುಡ್ಡೇ ಹೆಚ್ಚು ತಲೆನೋವು. ಬಿಟ್ಟಿ ಕೆಲಸ ಅಲ್ಲಿಯ ಹಿರಿಯರಿಗೆ ಜೀರ್ಣವಾಗುವುದಿಲ್ಲ. ಐದು ಯೂರೊ ನೋಟನ್ನು ಕಿಸೆಗೆ ತುರುಕುತ್ತಾರೆ. ನಮ್ಮ ವೀಸಾದಲ್ಲಿ ಹೀಗೆ ಕೈಗೆ ದುಡ್ಡು ತೆಗೆದುಕೊಂಡರೆ ಲೆಕ್ಕಕ್ಕಿಲ್ಲದ ದುಡಿಮೆ ಎಂದಾಗುತ್ತದೆ, ತಮಾಷೆಯಲ್ಲ. ಬೇಡ ಅಂದರೆ ಅವರಿಗೆ ಅವಮಾನ. ಕೊನೆಗೆ ಬಕೆಟ್ಟಿನ ಹಿಡಿಗೆ ಒಂದು ಡಬ್ಬಿ ಕಟ್ಟಿದೆ, ಮೇಲೆ ‘ಬ್ರೋಟ್ ಫ್ಯುರ್ ದೀ ವೆಲ್ಟ್’ ಎಂದು ಬರೆದೆ. 1959ರಿಂದ ನಡೆಯುತ್ತಿರುವ ಅವರದ್ದೇ ಸಭೆಗಳ ನೆರವಿನ ನಿಧಿ, ಎಲ್ಲರಿಗೂ ಗೊತ್ತು. ತಿಂಗಳ ಕೊನೆಗೆ ಡಬ್ಬಿಯನ್ನು ಸಭೆಯ ಕಚೇರಿಯಲ್ಲಿ ಇಬ್ಬರ ಎದುರು ಎಣಿಸಿ ರಸೀದಿ ತೆಗೆದುಕೊಳ್ಳುತ್ತಿದ್ದೆ. ವರ್ಷದಲ್ಲಿ ಸುಮಾರು 600 ಯೂರೊ ಆಗಿರಬೇಕು. ಬಾಟಲಿಗಳನ್ನೂ ಕೊಡುತ್ತಿದ್ದರು. ಒಂದೇ ಸಲ ಬಳಸುವ ಪ್ಲಾಸ್ಟಿಕ್ ಬಾಟಲಿ ಅಂಗಡಿಗೆ ಮರಳಿಸಿದರೆ 25 ಸೆಂಟ್, ಅದೂ ಡಬ್ಬಿಗೇ.

ವಿಮೆ ಅತಿ ಮುಖ್ಯ. ನೀವು ಒರೆಸಿದ ಒದ್ದೆ ಮೆಟ್ಟಿಲಲ್ಲಿ ಯಾರಾದರೂ ಜಾರಿ ಬಿದ್ದರೆ ಯಾರು ಹೊಣೆ? ನಮ್ಮೂರಲ್ಲಿ ಈ ಪ್ರಶ್ನೆ ಯಾರ ತಲೆಗೂ ಬರುವುದಿಲ್ಲ, ಅಲ್ಲಿ ಅದೇ ಮೊದಲ ಪ್ರಶ್ನೆ. ಸಭೆಯ ವಿಮೆ ನಿಮಗೂ ಅನ್ವಯಿಸಬೇಕಾದರೆ, ಸಭೆಯ ಪರವಾಗಿ ಮಾಡುವ ಸೇವೆ ಇದು ಅಂತ ಸಭಾಪಾಲಕರ ಸಹಿ ಇರುವ ಪತ್ರ ಬರೆಸಿಕೊಳ್ಳಿ, ಬೀದಿಗಳ ಹೆಸರು ಸಹಿತ. ಆ ಪತ್ರ ಇಲ್ಲದೆ ಒಂದು ಮೆಟ್ಟಿಲನ್ನೂ ಮುಟ್ಟಬೇಡಿ. ಹಿಮ ತೆಗೆಯುವ ಕೆಲಸ ನಾನು ಒಪ್ಪಿಕೊಳ್ಳಲಿಲ್ಲ. ವಾರದ ದಿನ ಬೆಳಿಗ್ಗೆ ಏಳರೊಳಗೆ ಕಾಲುದಾರಿ ಸ್ವಚ್ಛ ಇರಬೇಕು, ಆ ಹೊತ್ತಿಗೆ ನಾನು ಆಶ್ರಮದಲ್ಲಿ ಯಾರಿಗೋ ಸಾಕ್ಸ್ ಹಾಕಿಸುತ್ತಿರುತ್ತೇನೆ. ಆಗದ್ದನ್ನು ಆಗುವುದಿಲ್ಲ ಅಂತ ಮೊದಲೇ ಹೇಳಿದರೆ ಅಲ್ಲಿ ಯಾರೂ ಬೇಸರ ಮಾಡುವುದಿಲ್ಲ.

ನೆಲಮಾಳಿಗೆಯ ಕೀಲಿಕೈ ಸಿಕ್ಕಿದ್ದು ಹೇಗೆ ಅಂತ ಹಲವರು ಕೇಳಿದ್ದಾರೆ. ಅದು ಎರಡನೇ ಗುಟ್ಟು. ಹೇಳುವುದಿಲ್ಲ.

ಮಧ್ಯೆ ಒಂದೆರಡು ಪ್ರಯೋಗವನ್ನೂ ಮಾಡಿದೆ. ಅಮ್ಮನ ಹಿಡಿಸೂಡಿ (ತೆಂಗಿನ ಕಡ್ಡಿಯ ಪೊರಕೆ) ಒಂದನ್ನು ಸೂಟ್‌ಕೇಸಿನ ಅಡ್ಡಕ್ಕೆ ಇಟ್ಟು ಒಯ್ದಿದ್ದೆ. ಒಳಗಿನ ಮೆಟ್ಟಿಲಿಗೆ ಅದು ಪ್ರಯೋಜನವಿಲ್ಲ, ಧೂಳು ಹಾರಿ ಮತ್ತೆ ಅಲ್ಲೇ ಕೂರುತ್ತದೆ. ಆದರೆ ಅಕ್ಟೋಬರಿನಲ್ಲಿ ಕಲ್ಲು ಹಾಸಿದ ಕಾಲುದಾರಿಯ ಸಂದಿಗೆ ಒದ್ದೆ ಎಲೆ ಅಂಟಿಕೊಂಡಾಗ ಅಲ್ಲಿಯ ಪೊರಕೆ ಸೋಲುತ್ತದೆ, ತೆಂಗಿನ ಕಡ್ಡಿ ಒಂದೇ ಎಳೆತಕ್ಕೆ ಕೀಳುತ್ತದೆ. ಪಕ್ಕದ ಕಟ್ಟಡದ ಅಜ್ಜ ಅದನ್ನು ತೆಗೆದುಕೊಂಡು ಬಾಗಿ ಗುಡಿಸಿ ನೋಡಿ, ಉದ್ದದ ಕೋಲಿಗೆ ಕಟ್ಟಿಕೊಟ್ಟರು. ಬೆನ್ನಿಗೆ ಅದು ಇನ್ನೂ ಒಳ್ಳೆಯದಾಯಿತು. ಎರಡನೆಯದ್ದು ಹುಣಸೆಹುಳಿ. ಹಳೆ ಕಟ್ಟಡಗಳ ಗಂಟೆಯ ಫಲಕ, ಬಾಗಿಲ ಹಿಡಿ ಹಿತ್ತಾಳೆಯದ್ದು. ಏಷ್ಯನ್ ಅಂಗಡಿಯ ಹುಳಿ ಕಿವುಚಿ, ಚಿಟಿಕೆ ಉಪ್ಪು ಸೇರಿಸಿ ತಿಕ್ಕಿದೆ, ಕೂಡಲೇ ತೊಳೆದು ಒಣಬಟ್ಟೆಯಲ್ಲಿ ಒರೆಸಿದೆ. ಹುಳಿ ಕೆಳಗಿನ ಕಲ್ಲಿಗೆ ಬೀಳದ ಹಾಗೆ ಬಟ್ಟೆ ಹಿಡಿಯಬೇಕು, ಅಷ್ಟೇ ಜಾಗ್ರತೆ. ಆ ವಾರ ಮೂರು ಕಟ್ಟಡದವರು ಬಂದು ಯಾವ ಪಾಲಿಶ್ ಅಂತ ಕೇಳಿದರು. ಅಂಟುವಾಳದಲ್ಲಿ ಮೆಟ್ಟಿಲು ಒರೆಸಿಯೂ ನೋಡಿದೆ, ಅದು ಅಲ್ಲಿ ಸಾವಯವ ಅಂಗಡಿಯಲ್ಲಿ ಸಿಗುತ್ತದೆ. ನೊರೆ ಸಾಲದು, ಬೆಲೆ ಜಾಸ್ತಿ.

ಸ್ಟುಟ್‌ಗಾರ್ಟ್ ಸುತ್ತ ಕಾರು ಕಂಪನಿಗಳಲ್ಲಿ ಇರುವ ನಮ್ಮ ಕನ್ನಡದ ಎಂಜಿನಿಯರುಗಳಿಗೆ ಈ ಹಲಗೆ ಕಂಡರೆ ಆಗುವುದಿಲ್ಲ. "ಬೆಂಗಳೂರಲ್ಲಿ ಕೆಲಸದವರು ಮಾಡ್ತಿದ್ರು ಮಾರಾಯ್ರೆ" ಅಂತ ಒಬ್ಬರು ಗೊಣಗಿದರು. ಅವರ ಮನೆಗೆ ಹೋಗಿ ಎಂಟು ಮಡಿಕೆಯ ಪಾಠ ಮಾಡಿದೆ, ಬಿಸಿಬೇಳೆ ಬಾತ್ ಸಿಕ್ಕಿತು. ಊರಿನಿಂದ ಅಪ್ಪನೂ ಫೋನಿನಲ್ಲಿ "ಕಸ ಗುಡಿಸ್ಲಿಕ್ಕೆ ಜರ್ಮನಿಗೆ ಹೋಗ್ಬೇಕಿತ್ತಾ ಮಗಾ?" ಎಂದಿದ್ದರು. ನಮ್ಮಲ್ಲಿ ಪೊರಕೆ ಹಿಡಿದ ಕೈಗೆ ಯಾವ ಬೆಲೆ ಕಟ್ಟುತ್ತಾರೆ ಅಂತ ಅಪ್ಪನಿಗೆ ಗೊತ್ತು, ಅದಕ್ಕೇ ನೋವು. ಅಲ್ಲಿ ನಿವೃತ್ತ ನ್ಯಾಯಾಧೀಶರ ಬಾಗಿಲಿಗೂ ಹಲಗೆ ಬರುತ್ತದೆ ಅಂತ ಫೋಟೊ ಕಳಿಸಿದ ಮೇಲೆ ಅಪ್ಪ ಆ ಮಾತು ಎತ್ತಲಿಲ್ಲ. ಯೇಸು ಶಿಷ್ಯರ ಪಾದ ತೊಳೆದ ವಾಕ್ಯದ ಮೇಲೆ ಪ್ರಸಂಗ ಮಾಡಲು ನಮ್ಮಲ್ಲಿ ಎಲ್ಲರಿಗೂ ಬಾಯಿ ಉಂಟು. ಬಕೆಟ್ ಎತ್ತಲು ಕೈ ಕಡಿಮೆ.

ಫಲ ಏನು ಅಂತ ಕೇಳುವವರಿಗೆ: ಹದಿನಾಲ್ಕೋ ಹದಿನೈದೋ ಮನೆಗಳು ತೆರೆದವು. ಭಾನುವಾರ ಆರಾಧನೆಗೆ ಹೊಸದಾಗಿ ಬರತೊಡಗಿದವರು ಆರೇಳು ಜನ. ಅಲ್ಲಿಯ ಭಾನುವಾರದ ಖಾಲಿ ಬೆಂಚುಗಳನ್ನು ನೋಡಿದವರಿಗೆ ಆರೇಳು ಅಂದರೆ ಎಷ್ಟು ಅಂತ ಗೊತ್ತಾಗುತ್ತದೆ. ಮೊದಲು ತಲೆ ಅಲ್ಲಾಡಿಸಿದ ಸಭೆಯ ಹಿರಿಯರು ಕೊನೆಯ ತಿಂಗಳಲ್ಲಿ ತಮ್ಮ ಕಟ್ಟಡದ ವಿಧವೆಯೊಬ್ಬರ ಸರದಿಯನ್ನು ತಾವೇ ‘ಕಲಿಯಲು’ ಹೋದರು. ನನ್ನ ವಾಕ್ಯವನ್ನೇ ಬಳಸಿದರಂತೆ, ಅನುಮತಿ ಕೇಳದೆ.

ಈ ಸಲ ಎಸ್ಲಿಂಗೆನ್‌ಗೆ ಹೋಗುವವರು ಗಮನಿಸಿ. ಬಕೆಟ್, ಪೊರಕೆ, ಡಬ್ಬಿ ಎಲ್ಲ ಸಭಾಭವನದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಉಂಟು. ಮಾಪಿನ ಬಟ್ಟೆ ಸವೆದಿದೆ, ಹೊಸದು ತೆಗೆದುಕೊಳ್ಳಿ, ನಾಲ್ಕೈದು ಯೂರೊ ಆಗಬಹುದು. ಸರದಿಯ ಪುಸ್ತಕ ಕಚೇರಿಯವರ ಬಳಿ ಕೇಳಿ. ವಿಮೆಯ ಪತ್ರದಲ್ಲಿ ನನ್ನ ಹೆಸರಿದೆ, ನಿಮ್ಮ ಹೆಸರಲ್ಲಿ ಮತ್ತೆ ಬರೆಸಬೇಕು. ಹಿಡಿಸೂಡಿ ಮಾತ್ರ ಅಲ್ಲಿಲ್ಲ, ಪಕ್ಕದ ಕಟ್ಟಡದ ಅಜ್ಜ ವಾಪಸು ಕೊಡಲಿಲ್ಲ. ಬರುವಾಗ ಎರಡು ಕಟ್ಟಿಕೊಂಡು ಬನ್ನಿ, ಇನ್ನೊಬ್ಬರು ಕೇಳಿಟ್ಟಿದ್ದಾರೆ.